ಸೆಕೆಂಡ್ ಹ್ಯಾಂಡ್ ಕಾರು: ಯಾರ ಹತ್ತಿರ ಕೊಂಡರೆ ಯಾವ ರಕ್ಷಣೆ?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರು ಮೊದಲು ಮಾಡೆಲ್ ನೋಡುತ್ತಾರೆ, ಆಮೇಲೆ ರೇಟು, ಆಮೇಲೆ ಕಿಲೋಮೀಟರು. ಮಾರುವವರು ಯಾರು ಅನ್ನುವುದು ಕೊನೆಗೆ ಬರುತ್ತದೆ. ಅದು ಮೊದಲು ಬರಬೇಕು. ಕಾರು ಒಂದೇ, ದೋಷವೂ ಒಂದೇ ಆಗಿದ್ದರೂ ಮಾಲೀಕರಿಂದ ನೇರ ಕೊಂಡವರಿಗೆ ಕಾನೂನಿನಲ್ಲಿ ಒಂದು ದಾರಿ, ಬಿಲ್ ಕೊಡುವ ಡೀಲರ್ ಹತ್ತಿರ ಕೊಂಡವರಿಗೆ ಇನ್ನೊಂದು ದಾರಿ. ಬ್ಯಾಂಕಿನ ಹರಾಜಿನಲ್ಲಿ ಕೊಂಡವರಿಗೆ ಬಹುಪಾಲು ದಾರಿಯೇ ಇಲ್ಲ. ಮೂರೂ ಕಡೆ ರೇಟಿನಲ್ಲಿ ಕಾಣುವ ವ್ಯತ್ಯಾಸದ ಒಂದು ಭಾಗ ಈ ರಕ್ಷಣೆಯ ಬೆಲೆ.

ಹಳೆ ಕಾರಿನ ದೋಷವನ್ನು ಮಾರುವವರು ಬರೆದು ತೋರಿಸಲೇಬೇಕು ಎಂದು ಹೇಳುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಅಮೆರಿಕದಲ್ಲಿ 1985ರಿಂದಲೂ ಡೀಲರುಗಳು ಪ್ರತಿ ಹಳೆ ಕಾರಿನ ಗಾಜಿಗೆ, ವಾರಂಟಿ ಇದೆಯೋ ಇಲ್ಲವೋ ಎಂದು ಹೇಳುವ ಚೀಟಿ ಅಂಟಿಸಬೇಕು. ಬ್ರಿಟನ್‌ನಲ್ಲಿ ಡೀಲರ್‌ನಿಂದ ಕೊಂಡ ಕಾರು ದೋಷಪೂರಿತವಾಗಿದ್ದರೆ 30 ದಿನದೊಳಗೆ ವಾಪಸ್ ಕೊಡುವ ಹಕ್ಕಿದೆ. ಇಲ್ಲಿ ಆ ಚೀಟಿಯನ್ನು ಕೊಳ್ಳುವವರೇ ಬರೆಸಿಕೊಳ್ಳಬೇಕು. ಹೇಗೆ ಬರೆಸಿಕೊಳ್ಳಬೇಕು ಎಂಬುದು ಮುಂದೆ ಬರುತ್ತದೆ.

ಮಾಲೀಕರಿಂದ ನೇರವಾಗಿ

ಬ್ಯಾಂಕ್ ನೌಕರರೊಬ್ಬರು ತಮ್ಮ ಸ್ವಂತ ಕಾರು ಮಾರುತ್ತಾರೆ ಎಂದುಕೊಳ್ಳಿ. ಅವರು ವ್ಯಾಪಾರಿಯಲ್ಲ. ಹಾಗಾಗಿ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ಅವರ ಮೇಲೆ ದೂರು ನಿಲ್ಲುವುದು ಕಷ್ಟ. ಉಳಿಯುವುದು 1872ರ ಕರಾರು ಕಾಯ್ದೆ ಮತ್ತು ಸಿವಿಲ್ ಕೋರ್ಟು. ಆ ಕಾಯ್ದೆಯ 17ನೇ ಕಲಂ ಪ್ರಕಾರ, ಮಾತನಾಡಲೇಬೇಕಾದ ಹೊಣೆ ಇಲ್ಲದಿದ್ದಾಗ ಬರೀ ಸುಮ್ಮನಿರುವುದು ವಂಚನೆಯಲ್ಲ. ಅಂದರೆ ನೀವು ಕೇಳಲಿಲ್ಲ, ಅವರು ಹೇಳಲಿಲ್ಲ ಎಂದರೆ ನಷ್ಟ ನಿಮ್ಮದೇ. ಆದರೆ "ಆಕ್ಸಿಡೆಂಟ್ ಆಗಿದೆಯಾ?" ಎಂದು ನೀವು ಕೇಳಿ ಅವರು "ಇಲ್ಲ" ಎಂದು ಬರೆದುಕೊಟ್ಟರೆ ಪರಿಸ್ಥಿತಿ ಬೇರೆ. ಸುಳ್ಳು ಹೇಳಿಕೆ ನಂಬಿ ಮಾಡಿದ ಕರಾರನ್ನು ರದ್ದು ಮಾಡಿಸಬಹುದು. ಇಲ್ಲೂ ಒಂದು ತೊಡಕಿದೆ. ಸಾಧಾರಣ ಎಚ್ಚರದಿಂದ ನೋಡಿದ್ದರೆ ಸತ್ಯ ಗೊತ್ತಾಗುತ್ತಿತ್ತು ಎಂದು ಎದುರಾಳಿ 19ನೇ ಕಲಂ ಹಿಡಿದು ವಾದಿಸಬಹುದು. ಆದ್ದರಿಂದ ನೇರ ಖರೀದಿಯಲ್ಲಿ ಮೂರು ಕೆಲಸ ಮಾಡಲೇಬೇಕು: ಕೇಳುವುದು, ಬರೆಸಿಕೊಳ್ಳುವುದು, ಮೆಕ್ಯಾನಿಕ್‌ಗೆ ತೋರಿಸುವುದು.

ಇಷ್ಟಾದರೂ ಕಾರಿನ ಸ್ಥಿತಿಯ ಲೆಕ್ಕದಲ್ಲಿ ನೋಡಿದರೆ ಇದೇ ಒಳ್ಳೆಯ ದಾರಿ. ಒಬ್ಬರೇ ಮಾಲೀಕರು, ಸರ್ವಿಸ್ ಬಿಲ್ಲುಗಳ ಕಟ್ಟು, ಎದುರಿಗೆ ಕೂತು ಉತ್ತರಿಸುವ ಮನುಷ್ಯ, ಇವು ಮೂರೂ ಇಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗುವುದಿಲ್ಲ. ಪಾಲಿಶ್ ಹೊಡೆಸಿ, ಎಂಜಿನ್‌ಗೆ ದಪ್ಪ ಆಯಿಲ್ ಹಾಕಿ ಶಬ್ದ ಅಡಗಿಸುವ ಕೆಲಸವೂ ಇಲ್ಲಿ ಕಡಿಮೆ.

ಆಟೋ ಕನ್ಸಲ್ಟೆಂಟ್ ಯಾರ್ಡ್: ಎರಡು ಬಗೆ

ಹೆದ್ದಾರಿ ಪಕ್ಕದ ಯಾರ್ಡುಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಒಳಗೆ ಎರಡು ಬಗೆ ಇವೆ, ಈ ಬರಹದಲ್ಲಿ ಅತಿ ಮುಖ್ಯವಾದ ವ್ಯತ್ಯಾಸವೂ ಇದೇ.

ಮೊದಲನೆಯ ಬಗೆಯ ಡೀಲರ್ ಕಾರನ್ನು ತಾನು ಕೊಂಡು, ತನ್ನ ಹೆಸರಿನಲ್ಲಿ ಬಿಲ್ ಹಾಕಿ ಮಾರುತ್ತಾನೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ, ಹಳೆ ವಾಹನ ಮಾರುವ ಡೀಲರ್ ಆರ್‌ಟಿಓ ಕಡೆಯಿಂದ ಅಧಿಕೃತ ಪತ್ರ ಪಡೆಯಬೇಕು. ಅದು ಫಾರಂ 29ಬಿ, 5 ವರ್ಷ ಚಾಲ್ತಿ. ಮಾಲೀಕರು ಕಾರನ್ನು ಡೀಲರ್ ವಶಕ್ಕೆ ಕೊಟ್ಟಾಗ ಫಾರಂ 29ಸಿ ಮೂಲಕ ಆರ್‌ಟಿಓಗೆ ತಿಳಿಸಬೇಕು. ಅಲ್ಲಿಂದ ಮುಂದಿನ ಮಾರಾಟದವರೆಗೆ ಆ ಕಾರಿಗೆ ಡೀಲರೇ ಮಾಲೀಕ ಎಂದು ಲೆಕ್ಕ. ಯಾರ್ಡಿನಲ್ಲಿ "29ಬಿ ಸರ್ಟಿಫಿಕೇಟ್ ತೋರಿಸಿ ಸಾರ್, ಈ ಗಾಡಿಯ 29ಸಿ ಆಗಿದೆಯಾ?" ಎಂದು ಕೇಳಿ. ಈ ಒಂದೇ ಪ್ರಶ್ನೆಗೆ ಬರುವ ಉತ್ತರದಿಂದ ಆ ಯಾರ್ಡಿನ ಬಗ್ಗೆ ಬಹಳಷ್ಟು ತಿಳಿಯುತ್ತದೆ.

ಎರಡನೆಯ ಬಗೆಯವರು ಹಳೆ ಮಾಲೀಕರಿಂದ ಹೆಸರು ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿಸಿ ಇಟ್ಟುಕೊಂಡಿರುತ್ತಾರೆ. ನೀವು ದುಡ್ಡು ಕೊಟ್ಟಾಗ ಅದರಲ್ಲಿ ನಿಮ್ಮ ಹೆಸರು ತುಂಬುತ್ತಾರೆ. ಕಾಗದದ ಮೇಲೆ ಮಾರಿದವರು ನೀವು ಎಂದೂ ನೋಡದ ಯಾರೋ ಒಬ್ಬರು. ಯಾರ್ಡಿನವರ ಹೆಸರು ಎಲ್ಲೂ ಇಲ್ಲ. ತಿಂಗಳು ಕಳೆದು ಗೇರ್‌ಬಾಕ್ಸ್ ಕೈಕೊಟ್ಟಾಗ "ನಾವು ಬರೀ ಮಧ್ಯದವರು, ಓನರ್‌ನ ಕೇಳಿ" ಎಂಬ ಮಾತು ಬರುತ್ತದೆ. ಇಲ್ಲಿ ಕೊಳ್ಳುವವರು ಡೀಲರ್ ರೇಟು ಕೊಟ್ಟು, ಪಡೆಯುವುದು ನೇರ ಮಾರಾಟದ ರಕ್ಷಣೆ ಮಾತ್ರ. ನೇರ ಮಾರಾಟದಲ್ಲಿ ಸಿಗುವ ಮಾಲೀಕರ ಮುಖವೂ ಸಿಗುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಎಲ್ಲ ದಾರಿಗಳಲ್ಲಿ ಇದು ಅತಿ ಕೆಟ್ಟದ್ದು, ಮೂರೂ ಜಿಲ್ಲೆಗಳಲ್ಲಿ ಜನ ಹೆಚ್ಚಾಗಿ ಬೀಳುವುದೂ ಇಲ್ಲೇ. ಕಾರು ತುಂಬಾ ಇಷ್ಟವಾಗಿ ಅಲ್ಲೇ ಕೊಳ್ಳಬೇಕೆಂದರೆ ಎರಡು ಷರತ್ತು ಹಾಕಿ: ಹಣ ಯಾರ್ಡಿನ ಬ್ಯಾಂಕ್ ಖಾತೆಗೇ ಹೋಗಬೇಕು, ಅವರ ಲೆಟರ್‌ಹೆಡ್‌ನಲ್ಲಿ ಸೀಲು ಹಾಕಿದ ರಸೀದಿ ಬರಬೇಕು. ಬಿಲ್ ಅಥವಾ ರಸೀದಿ ಕೊಡದಿರುವುದೇ ಗ್ರಾಹಕರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಕಮಿಷನ್ ಪಡೆದ ಬ್ರೋಕರ್ ಕೂಡ ಸೇವೆ ಕೊಟ್ಟವನೇ. ಗೊತ್ತಿದ್ದ ಮಾಹಿತಿಯನ್ನು ಬೇಕೆಂದೇ ಮುಚ್ಚಿಟ್ಟರೆ ಅದು ಸೇವಾ ನ್ಯೂನತೆ ಎಂದು ಅದೇ ಕಾಯ್ದೆಯ 2(11)ನೇ ಕಲಂ ಹೇಳುತ್ತದೆ. ಆದರೆ ಅವನು ಆ ವ್ಯವಹಾರದಲ್ಲಿ ಇದ್ದ ಎಂದು ತೋರಿಸಲು ನಿಮ್ಮ ಹತ್ತಿರ ಕಾಗದ ಇರಬೇಕು.

"ಬಿಲ್ ಬೇಕಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಎಕ್ಸ್ಟ್ರಾ ಆಗುತ್ತೆ" ಎಂದು ಹೆದರಿಸುವುದುಂಟು. ಆ 18 ಪರ್ಸೆಂಟ್ ಇಡೀ ಬೆಲೆಯ ಮೇಲಲ್ಲ, ಡೀಲರ್‌ನ ಲಾಭದ ಮೇಲೆ ಮಾತ್ರ. 4 ಲಕ್ಷಕ್ಕೆ ಕೊಂಡ ಕಾರನ್ನು 4.5 ಲಕ್ಷಕ್ಕೆ ಮಾರಿದರೆ ತೆರಿಗೆ 50 ಸಾವಿರದ ಮೇಲೆ, ಅಂದರೆ 9 ಸಾವಿರ. 81 ಸಾವಿರ ಅಲ್ಲ. ಬಿಲ್ಲಿಗಾಗಿ ಆ 9 ಸಾವಿರವನ್ನು ನೀವೇ ಕೊಟ್ಟರೂ ನಷ್ಟವಿಲ್ಲ.

ಕಂಪನಿ ಶೋರೂಮು, ಆನ್‌ಲೈನ್, ಹರಾಜು

ಟ್ರೂ ವ್ಯಾಲ್ಯೂ, ಎಚ್ ಪ್ರಾಮಿಸ್, ಯು ಟ್ರಸ್ಟ್‌ನಂಥ ಕಂಪನಿ ಮಳಿಗೆಗಳಲ್ಲಿ ರೇಟು ಹೆಚ್ಚು. ಬಿಲ್, ಇನ್ಸ್‌ಪೆಕ್ಷನ್ ರಿಪೋರ್ಟು, ಸರ್ಟಿಫೈ ಆದ ಕಾರಿಗೆ ವಾರಂಟಿ ಸಿಗುತ್ತದೆ. ಒಂದು ವಿಷಯ ಗಮನಿಸಿ: ಅದೇ ಮಳಿಗೆಯಲ್ಲಿ ಸರ್ಟಿಫೈ ಆಗದ ಕಾರುಗಳೂ ನಿಂತಿರುತ್ತವೆ. ಬೋರ್ಡು ನೋಡಿ ವಾರಂಟಿ ಇದೆ ಎಂದುಕೊಳ್ಳಬೇಡಿ, ಆ ನಂಬರಿನ ಕಾರಿಗೆ ಸರ್ಟಿಫಿಕೇಟ್ ಇದೆಯೇ ಎಂದು ಕೇಳಿ. ವಾರಂಟಿ ಸಾಮಾನ್ಯವಾಗಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಳಭಾಗಗಳಿಗೆ. ಕ್ಲಚ್ ಪ್ಲೇಟು, ಬ್ಯಾಟರಿ, ಟೈರು, ಬ್ರೇಕ್ ಪ್ಯಾಡು, ಎಸಿ ಗ್ಯಾಸು, ಸಸ್ಪೆನ್ಷನ್ ಬುಶ್‌ಗಳು ಹೊರಗೆ. ಹಳೆ ಕಾರಿನಲ್ಲಿ ಮೊದಲ ವರ್ಷ ದುಡ್ಡು ತಿನ್ನುವುದು ಈ ಹೊರಗಿಟ್ಟ ಭಾಗಗಳೇ. ಆದ್ದರಿಂದ ವಾರಂಟಿ ಇದ್ದರೂ ಇವನ್ನು ನೀವೇ ನೋಡಿಕೊಳ್ಳಬೇಕು.

ಆನ್‌ಲೈನ್ ಕಂಪನಿಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕಾರು ನಿಮ್ಮದಾ, ಬೇರೆಯವರದ್ದನ್ನು ಮಾರಿಸಿಕೊಡುತ್ತಿದ್ದೀರಾ? ಬಿಲ್ಲಿನ ಮೇಲೆ ಯಾರ ಹೆಸರಿದೆ ಎಂಬುದರಲ್ಲೇ ಉತ್ತರವಿದೆ. ಹಣ ವಾಪಸ್ ಅವಧಿ ಇದ್ದರೆ ಅಷ್ಟು ದಿನದೊಳಗೆ ಕಾರನ್ನು ಹೊರಗಿನ ಮೆಕ್ಯಾನಿಕ್‌ಗೆ ತೋರಿಸಿ ಮುಗಿಸಿ. ಜಾಹೀರಾತಿನ ಪುಟ, ಇನ್ಸ್‌ಪೆಕ್ಷನ್ ರಿಪೋರ್ಟು ಎರಡನ್ನೂ ಕೊಳ್ಳುವ ದಿನವೇ ಸ್ಕ್ರೀನ್‌ಶಾಟ್ ತೆಗೆದಿಡಿ, ಕಾರು ಮಾರಾಟವಾದ ಮೇಲೆ ಆ ಪುಟ ಮಾಯವಾಗುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರ ದೂರು ಅಧಿಕಾರಿ 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು ಒಂದು ತಿಂಗಳೊಳಗೆ ಪರಿಹರಿಸಬೇಕು. ಕರಾರಿನಲ್ಲಿ "ವಿವಾದಗಳು ಆರ್ಬಿಟ್ರೇಷನ್‌ಗೆ" (ಕೋರ್ಟಿನ ಬದಲು ಮಧ್ಯಸ್ಥರ ತೀರ್ಪಿಗೆ) ಎಂದೋ ದೂರದ ಊರಿನ ಕೋರ್ಟಿಗೆ ಎಂದೋ ಬರೆದಿದ್ದರೂ ಗಾಬರಿಯಾಗಬೇಡಿ. ಆರ್ಬಿಟ್ರೇಷನ್ ಕಲಂ ಇದ್ದ ಮಾತ್ರಕ್ಕೆ ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು.

ಸಾಲ ಕಟ್ಟದೆ ಜಪ್ತಿಯಾದ ಕಾರುಗಳ ಹರಾಜಿನಲ್ಲಿ "ಇದ್ದಲ್ಲಿ ಇದ್ದಂತೆ" ಎಂಬ ಷರತ್ತಿಗೆ ಮೊದಲೇ ಸಹಿ ಬೀಳುತ್ತದೆ. ಟೆಸ್ಟ್ ಡ್ರೈವ್ ಇಲ್ಲ, ಕೆಲವೊಮ್ಮೆ ಬ್ಯಾಟರಿಯೂ ಇರುವುದಿಲ್ಲ. ಸ್ವಂತ ಗ್ಯಾರೇಜ್ ಇರುವವರಿಗೆ ಸರಿ, ಮನೆಬಳಕೆಗೆ ಬೇಡ.

ಹಾಗಾದರೆ ಯಾರಿಗೆ ಯಾವುದು? ನಂಬಿಕೆಯ ಮೆಕ್ಯಾನಿಕ್ ಇದ್ದು, ಒಂದೆರಡು ತಿಂಗಳು ಕಾಯುವ ತಾಳ್ಮೆ ಇದ್ದರೆ ನೇರ ಮಾಲೀಕರಿಂದ ಕೊಳ್ಳಿ. ಮೊದಲ ಕಾರು, ಮೆಕ್ಯಾನಿಕ್ ಗೊತ್ತಿಲ್ಲ, ಸಾಲ ಬೇಕು ಎಂದಾದರೆ ಹೆಚ್ಚು ಕೊಟ್ಟಾದರೂ ಬಿಲ್ ಮತ್ತು ವಾರಂಟಿ ಇರುವ ಕಡೆಯೇ ಹೋಗಿ. ಸ್ಥಳೀಯ ಯಾರ್ಡು ಇವೆರಡರ ನಡುವೆ: 29ಬಿ ಮತ್ತು ಬಿಲ್ ಇದ್ದರೆ ಒಳ್ಳೆಯ ಆಯ್ಕೆ, ಯಾಕೆಂದರೆ ಡೀಲರ್ ಊರಿನಲ್ಲೇ ಇರುತ್ತಾನೆ, ಎದುರಿಗೆ ಹೋಗಿ ಕೇಳಬಹುದು. ಅವೆರಡೂ ಇಲ್ಲದಿದ್ದರೆ ಬಿಡಿ.

ಕಾಗದದಲ್ಲಿ ಅಡಗಿರುವ ದೋಷ

ಆರ್‌ಸಿ ಕಾರ್ಡು ಈಗಿನ ಸ್ಥಿತಿ ಮಾತ್ರ ಹೇಳುತ್ತದೆ. ಕಾರಿನ ಹಿಂದಿನ ಕಥೆ ಬೇಕೆಂದರೆ ನೋಂದಣಿಯಾದ ಆರ್‌ಟಿಓದಲ್ಲಿ ಬಿ ಎಕ್ಸ್‌ಟ್ರಾಕ್ಟ್ (ನೋಂದಣಿ ದಾಖಲೆಯ ನಕಲು) ತೆಗೆಸಬೇಕು. ತುಮಕೂರಿಗೆ ಕೆಎ 06, ಕೋಲಾರಕ್ಕೆ 07, ಕೆಜಿಎಫ್‌ಗೆ 08, ಚಿಕ್ಕಬಳ್ಳಾಪುರಕ್ಕೆ 40, ತಿಪಟೂರಿಗೆ 44, ಮಧುಗಿರಿಗೆ 64, ಚಿಂತಾಮಣಿಗೆ 67. ಎಷ್ಟನೇ ಮಾಲೀಕರು, ಸಾಲ ಯಾವಾಗ ಏರಿತು ಯಾವಾಗ ಇಳಿಯಿತು, ಯೆಲ್ಲೋ ಬೋರ್ಡ್‌ನಿಂದ ವೈಟ್ ಬೋರ್ಡ್‌ಗೆ ಬದಲಾಗಿದೆಯಾ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿ ಟ್ಯಾಕ್ಸಿಯಾಗಿ ದುಡಿದ ಡಿಸೈರ್, ಎಟಿಯೋಸ್, ಎಕ್ಸೆಂಟ್‌ಗಳು ಬಣ್ಣ ಬದಲಿಸಿಕೊಂಡು ನಮ್ಮ ಜಿಲ್ಲೆಗಳ ಯಾರ್ಡಿಗೆ ಬರುವುದು ಹೊಸದಲ್ಲ. ಅದು ಕಾನೂನುಬದ್ಧವೇ. ಟ್ಯಾಕ್ಸಿಯಾಗಿತ್ತು ಎಂದು ಹೇಳದೆ ಮನೆಬಳಕೆಯ ಕಾರಿನ ರೇಟಿಗೆ ಮಾರುವುದು ಮಾತ್ರ ತಪ್ಪು.

ಪರಿವಾಹನ್ ಜಾಲತಾಣ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಇನ್ಶೂರೆನ್ಸ್, ಬ್ಲ್ಯಾಕ್‌ಲಿಸ್ಟ್, ಸಾಲದ ಎಚ್‌ಪಿ (ಕಾರು ಬ್ಯಾಂಕಿಗೆ ಅಡವಿದೆ ಎಂಬ ನಮೂದು) ನೋಡಿ. ಸಾಲ ತೀರಿದ್ದರೂ ಎಚ್‌ಪಿ ಕ್ಯಾನ್ಸಲ್ ಆಗಿರದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಬ್ಯಾಂಕ್ ಎನ್‌ಒಸಿಗೆ ಸಾಮಾನ್ಯವಾಗಿ ಮೂರು ತಿಂಗಳ ಆಯಸ್ಸು, ಹಳೆಯದು ತೋರಿಸಿದರೆ ಹೊಸದು ತರಲು ಹೇಳಿ. ಬಾಕಿ ಟ್ರಾಫಿಕ್ ದಂಡವನ್ನೂ ಅದೇ ದಿನ ನೋಡಿ, ಬೆಂಗಳೂರಿಗೆ ಓಡಾಡಿದ ಕಾರಿನ ಮೇಲೆ ಕ್ಯಾಮೆರಾ ಕೇಸುಗಳ ಪಟ್ಟಿ ಉದ್ದ ಇರಬಹುದು.

ಆಕ್ಸಿಡೆಂಟ್ ಬಗ್ಗೆ ಇನ್ಶೂರೆನ್ಸ್ ಪಾಲಿಸಿಯೇ ಸಾಕ್ಷಿ ಹೇಳುತ್ತದೆ. ಕ್ಲೇಮ್ ಇಲ್ಲದ ವರ್ಷಗಳಿಗೆ ನೋ ಕ್ಲೇಮ್ ಬೋನಸ್ 20, 25, 35, 45, 50 ಪರ್ಸೆಂಟ್ ಎಂದು ಏರುತ್ತದೆ. "ಆರು ವರ್ಷದಿಂದ ಒಂದು ಗೀಟೂ ಬಿದ್ದಿಲ್ಲ ಅಣ್ಣಾ" ಎನ್ನುವವರ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಅಥವಾ 20 ಇದ್ದರೆ ಕಾರಣ ಕೇಳಲೇಬೇಕು. ಪಾಲಿಸಿ ಮಧ್ಯೆ ಬಿಟ್ಟುಹೋಗಿದ್ದರೂ ಸೊನ್ನೆಯಾಗುತ್ತದೆ, ಇವರೇ ಇತ್ತೀಚೆಗೆ ಕೊಂಡಿದ್ದರೂ ಹಾಗೆಯೇ. ಕ್ಲೇಮ್ ಆಗಿದ್ದರೆ ಸರ್ವೇಯರ್ ರಿಪೋರ್ಟು ಅಥವಾ ಗ್ಯಾರೇಜ್ ಬಿಲ್ ತೋರಿಸಲಿ. ಆ ಬೋನಸ್ ಕಾರಿನ ಜೊತೆ ನಿಮಗೆ ಬರುವುದಿಲ್ಲ ಎಂಬುದೂ ನೆನಪಿರಲಿ, ಅದು ಹಳೆ ಮಾಲೀಕರದ್ದು.

ಮುಳಬಾಗಿಲು, ಬಾಗೇಪಲ್ಲಿ, ಗೌರಿಬಿದನೂರು, ಪಾವಗಡದ ಕಡೆ ಆಂಧ್ರ ನಂಬರಿನ ಕಾರುಗಳು ಕಡಿಮೆ ರೇಟಿಗೆ ಸಿಗುತ್ತವೆ, ಕೋಲಾರದಲ್ಲಿ ತಮಿಳುನಾಡಿನವೂ ಸಿಗುತ್ತವೆ. ವಯಸ್ಸಿನ ನಿರ್ಬಂಧದಿಂದ ದೆಹಲಿಯಲ್ಲಿ ಬೆಲೆ ಕುಸಿದ ಡೀಸೆಲ್ ಕಾರುಗಳೂ ಬರುತ್ತವೆ. ಇಂಥ ಕಾರಿಗೆ ಅಲ್ಲಿನ ಆರ್‌ಟಿಓದ ಫಾರಂ 28 ಎನ್‌ಒಸಿ ಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು, ಹೊಸ ಕೆಎ ನಂಬರ್ ಮಾಡಿಸಬೇಕು. ಆ ಟ್ಯಾಕ್ಸ್ ಎಷ್ಟೆಂದು ಆರ್‌ಟಿಓದಲ್ಲಿ ಕೇಳಿ, ರೇಟಿಗೆ ಕೂಡಿಸಿ, ಆಮೇಲೆ ಸ್ಥಳೀಯ ಕಾರಿನೊಂದಿಗೆ ಹೋಲಿಸಿ. ಕೂಡಿಸಿದ ಮೇಲೂ ಅಗ್ಗವಾಗಿ ಉಳಿಯುವುದು ಅಪರೂಪ.

ವಯಸ್ಸಿನ ಲೆಕ್ಕವೂ ಇದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಮುಂದೆ 5 ವರ್ಷಕ್ಕೊಮ್ಮೆ ನವೀಕರಣ. 13 ವರ್ಷದ ಕಾರು ಅಗ್ಗ ಎಂದು ಕೊಂಡರೆ ಎರಡೇ ವರ್ಷದಲ್ಲಿ ತಪಾಸಣೆ, 5 ಸಾವಿರ ರೂಪಾಯಿ ನವೀಕರಣ ಶುಲ್ಕ, ಅದರ ಮೇಲೆ ತೆರಿಗೆ ಎದುರಾಗುತ್ತವೆ.

ಲೋಹದಲ್ಲಿ ಅಡಗಿರುವ ದೋಷ

ಕಾರು ನೋಡಲು ಬೆಳಗ್ಗೆ ಹೋಗಿ. "ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಎಂದು ಹಿಂದಿನ ದಿನವೇ ಹೇಳಿ. ಹೋದಾಗ ಬಾನೆಟ್ ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿರಬಹುದು: ತಣ್ಣಗಿನ ಎಂಜಿನ್ ಮಾತ್ರ ತೋರಿಸುವ ಟ್ಯಾಪೆಟ್ ಶಬ್ದ, ಸವೆದ ಚೈನಿನ ಸದ್ದು, ಮೊದಲ ಹೊಗೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಎಂದರೆ ಕೂಲಂಟ್ ಒಳಗೆ ಸೋರುತ್ತಿದೆ. ಆಯಿಲ್ ಕ್ಯಾಪಿನ ಒಳಗೆ ಹಾಲು ಕಾಫಿ ಬಣ್ಣದ ಕೆನೆ ಇದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನಲ್ಲಿ ಆಯಿಲ್, ಕೂಲಂಟ್ ಬೆರೆಯದಂತೆ ತಡೆಯುವ ಪದರ) ಹೋಗಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ.

ನಮ್ಮ ಮೂರು ಜಿಲ್ಲೆಗಳಿಗೆ ಹೆಚ್ಚಾಗಿ ಸಲ್ಲುವ ದೋಷ ರೇಡಿಯೇಟರ್‌ನದು. ಇಲ್ಲಿ ಬೋರ್‌ವೆಲ್ ನೀರು ಗಡಸು. ಕೂಲಂಟ್ ಬದಲು ಆ ನೀರನ್ನೇ ವರ್ಷಗಟ್ಟಲೆ ತುಂಬಿಸಿದ ಕಾರಿನಲ್ಲಿ ಸುಣ್ಣದ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಕಟ್ಟುತ್ತದೆ, ಥರ್ಮೋಸ್ಟಾಟ್ ಅಂಟಿಕೊಳ್ಳುತ್ತದೆ. ಊರೊಳಗಿನ ಎರಡು ಕಿಲೋಮೀಟರ್ ಟೆಸ್ಟ್ ಡ್ರೈವ್‌ನಲ್ಲಿ ಇದು ಗೊತ್ತಾಗುವುದೇ ಇಲ್ಲ. ಏರಿನಲ್ಲಿ, ಎಸಿ ಹಾಕಿದಾಗ ಬಿಸಿ ಏರಿ, ಹೆಡ್ ಬಾಗಿ, ದೊಡ್ಡ ಖರ್ಚಾಗುತ್ತದೆ. ಎಂಜಿನ್ ತಣ್ಣಗಿದ್ದಾಗ ಕೂಲಂಟ್ ಡಬ್ಬಿ ನೋಡಿ. ಹಸಿರು, ಕೆಂಪು ಅಥವಾ ಗುಲಾಬಿ ಬಣ್ಣವಿದ್ದರೆ ಸರಿ, ತುಕ್ಕಿನ ಬಣ್ಣ ಅಥವಾ ಬರೀ ನೀರಿದ್ದರೆ ಮುಂದಿನ ಪರೀಕ್ಷೆ ಬೇಕು. ತುಮಕೂರಿನವರು ದೇವರಾಯನದುರ್ಗದ ಏರಿನಲ್ಲಿ, ಚಿಕ್ಕಬಳ್ಳಾಪುರದವರು ನಂದಿ ಬೆಟ್ಟದ ಏರಿನಲ್ಲಿ ನಾಲ್ಕು ಜನ ಕೂತು ಎಸಿ ಹಾಕಿ ಓಡಿಸಲಿ. ಕೋಲಾರದವರು ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಎಸಿ ಹಾಕಿಯೇ ಹತ್ತು ನಿಮಿಷ ಬಿಡಲಿ. ಟೆಂಪರೇಚರ್ ಮುಳ್ಳು ಮಧ್ಯ ದಾಟಬಾರದು. ಅದೇ ಏರಿನಲ್ಲಿ ಎಂಜಿನ್ ವೇಗ ಏರಿ ಕಾರು ಏರದಿದ್ದರೆ ಕ್ಲಚ್ ಪ್ಲೇಟು ಮುಗಿದಿದೆ. ಓಡಿಸುವ ಮುಂಚೆ ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ.

ಓಮ್ನಿ, ಈಕೋ ನೋಡುವವರಿಗೆ ಇನ್ನೊಂದು ಮಾತು. ಟೊಮ್ಯಾಟೊ ಕ್ರೇಟು, ರೇಷ್ಮೆ ಗೂಡು, ಹೂವಿನ ಮೂಟೆ ಹೊತ್ತ ವ್ಯಾನಿನ ಹಿಂಭಾಗ ಕುಸಿದಿರುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಪಕ್ಕದಿಂದ ನೋಡಿ, ಹಿಂದಿನ ಸೀಟಿನ ಬೋಲ್ಟುಗಳು ಪದೇಪದೇ ಬಿಚ್ಚಿದ ಗುರುತನ್ನೂ ನೋಡಿ.

ಆಕ್ಸಿಡೆಂಟ್ ಆದ ಕಾರಿನಲ್ಲಿ ಹೊರಗಿನ ಬಣ್ಣ ನೋಡಿ ಪ್ರಯೋಜನವಿಲ್ಲ, ಟಿಂಕರಿಂಗ್ ಕೆಲಸ ಇಲ್ಲಿ ಅಷ್ಟು ಚೆನ್ನಾಗಿ ಮಾಡುತ್ತಾರೆ. ಬಾನೆಟ್ ಎತ್ತಿ ಫೆಂಡರ್ ಮತ್ತು ಕೀಲುಗಳ ಬೋಲ್ಟಿನ ತಲೆ ನೋಡಿ. ಸ್ಪ್ಯಾನರ್ ತಾಗಿ ಬಣ್ಣ ಹೋಗಿದ್ದರೆ ಬಿಚ್ಚಿದ್ದಾರೆ ಎಂದರ್ಥ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ತಳ ನೋಡಿ, ಹಿಂದಿನಿಂದ ಗುದ್ದಿಸಿಕೊಂಡಿದ್ದರೆ ಅಲ್ಲಿ ಸುಕ್ಕು ಇರುತ್ತದೆ. ಬಾಗಿಲಿನ ರಬ್ಬರ್ ಎಳೆದು ಪಿಲ್ಲರ್ (ಛಾವಣಿ ಹೊರುವ ಕಂಬ) ಅಂಚಿನ ಫ್ಯಾಕ್ಟರಿ ಸ್ಪಾಟ್ ವೆಲ್ಡ್‌ಗಳು ಸಮ ಅಂತರದಲ್ಲಿವೆಯೇ ಎಣಿಸಿ. ಬಣ್ಣದ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಫ್ಯಾಕ್ಟರಿ ಬಣ್ಣ ಸುಮಾರು 80ರಿಂದ 150 ಮೈಕ್ರಾನ್ ತೋರಿಸುತ್ತದೆ, ಮರುಬಣ್ಣ 200 ದಾಟುತ್ತದೆ, ಪುಟ್ಟಿ ತುಂಬಿದ ಕಡೆ 500 ಮೀರುತ್ತದೆ. ಬಂಪರ್ ಅಥವಾ ಬಾಗಿಲಿನ ಮರುಬಣ್ಣಕ್ಕೆ ಹೆದರಬೇಕಿಲ್ಲ, ಅದು ರೇಟಿನ ಮಾತು. ಪಿಲ್ಲರ್, ಏಪ್ರನ್ (ಎಂಜಿನ್ ಅಕ್ಕಪಕ್ಕದ ಒಳ ತಗಡು), ಚಾಸಿಸ್‌ಗೆ ಪೆಟ್ಟು ಬಿದ್ದಿದ್ದರೆ ಮಾತ್ರ ಎಷ್ಟೇ ಅಗ್ಗವಾದರೂ ಬೇಡ, ಮುಂದಿನ ಅಪಘಾತದಲ್ಲಿ ಒಳಗಿರುವವರನ್ನು ಕಾಯಬೇಕಾದ ಭಾಗಗಳು ಅವು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತದೇ ಇದ್ದರೆ ಬಲ್ಬ್ ತೆಗೆದಿರಬಹುದು, ಏರ್‌ಬ್ಯಾಗೇ ಇಲ್ಲದಿರಬಹುದು.

ನೀರಿನಲ್ಲಿ ಮುಳುಗಿದ ಕಾರುಗಳು ಇನ್ನೂ ಕಷ್ಟ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಸುತ್ತ, 2015 ಮತ್ತು 2023ರಲ್ಲಿ ಚೆನ್ನೈನಲ್ಲಿ ನೀರು ನುಗ್ಗಿತ್ತು, ಎರಡೂ ನಗರ ನಮಗೆ ಹತ್ತಿರವೇ. ರಿಪೇರಿ ಖರ್ಚು ವಿಮೆ ಮೌಲ್ಯದ 75 ಪರ್ಸೆಂಟ್ ಮೀರಿದರೆ ಇನ್ಶೂರೆನ್ಸ್ ಕಂಪನಿ ಟೋಟಲ್ ಲಾಸ್ ಎಂದು ಹಣ ಕೊಟ್ಟು, ಆ ಕಾರು ಹರಾಜಾಗುತ್ತದೆ. ಅದನ್ನು ಒಣಗಿಸಿ ಮತ್ತೆ ರಸ್ತೆಗೆ ತರುವವರಿದ್ದಾರೆ. ವೈರಿಂಗ್ ಕನೆಕ್ಟರುಗಳು ನಿಧಾನವಾಗಿ ತುಕ್ಕು ಹಿಡಿಯುವುದರಿಂದ ದೋಷ ತಿಂಗಳುಗಳ ನಂತರ ತಲೆಯೆತ್ತುತ್ತದೆ, ಅದಕ್ಕೇ ಟೆಸ್ಟ್ ಡ್ರೈವ್ ನುಣ್ಣಗಿರುತ್ತದೆ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ತುದಿಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಸೀಟಿನ ಅಡಿಯ ಹಳಿ, ಡ್ಯಾಶ್‌ಬೋರ್ಡ್ ಕೆಳಗಿನ ಬ್ರಾಕೆಟ್, ಕಾರ್ಪೆಟ್ ಅಡಿಯ ಲೋಹ, ಈ ಮೂರು ಜಾಗ ತೊಳೆಯುವವರ ಕೈಗೆ ಸಿಗುವುದಿಲ್ಲ.

ಕಿಲೋಮೀಟರ್ ಹಿಂದಕ್ಕೆ ತಿರುಗಿಸಿದ್ದನ್ನು ಮೀಟರಿನಲ್ಲಿ ಕಂಡುಹಿಡಿಯಲಾಗದು, ಸುತ್ತಲಿನ ಸವೆತದಲ್ಲಿ ಹಿಡಿಯಬೇಕು. ಟೈರಿನ ಪಕ್ಕದ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಮೀಟರ್ 32 ಸಾವಿರ ತೋರಿಸುತ್ತಿದೆ, ಆದರೆ ಕಂಪನಿ ಟೈರುಗಳು ಹೋಗಿ ಎರಡನೇ ಸೆಟ್ಟೂ ಸವೆದಿದೆ ಎಂದರೆ ಲೆಕ್ಕ ಕೂಡುವುದಿಲ್ಲ. ಪೆಡಲ್ ರಬ್ಬರು, ಸ್ಟೀರಿಂಗಿನ ಹೊಳಪು, ಡ್ರೈವರ್ ಸೀಟಿನ ಬಲ ಅಂಚು ನೋಡಿ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಧಿಕೃತ ಸರ್ವಿಸ್ ಸೆಂಟರಿನ ದಾಖಲೆ. ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಹೋಗಿ, ನಂಬರ್ ಕೊಟ್ಟು ಪ್ರತಿ ಸರ್ವಿಸಿನ ಕಿಲೋಮೀಟರ್ ಕೇಳಿ. ಬರಲು ಒಪ್ಪದಿದ್ದರೆ ಬೇರೆ ಕಾರು ನೋಡಿ. ಅಲ್ಲೇ ಚಾಸಿಸ್ ನಂಬರ್ ಕೊಟ್ಟು ಕಂಪನಿ ರೀಕಾಲ್ (ತಯಾರಿಕೆಯ ದೋಷ ಸರಿಪಡಿಸಲು ಕಂಪನಿಯೇ ಕಾರು ಕರೆಸುವುದು) ಏನಾದರೂ ಬಾಕಿ ಇದೆಯಾ ಎಂದೂ ವಿಚಾರಿಸಿ, ಇದ್ದರೆ ಅದು ಉಚಿತ.

ಇನ್ನೊಂದು ಉಪಾಯ ಓಬಿಡಿ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಸಾಧನ. ಎರರ್ ಕೋಡ್ ಇಲ್ಲ ಎಂದು ತೋರಿಸಿದರೆ ಸಾಲದು, ರೆಡಿನೆಸ್ ಮಾನಿಟರ್‌ಗಳನ್ನು (ಕಾರು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು ಮುಗಿದಿವೆಯೇ ಎಂಬುದನ್ನು) ನೋಡಿ. ಹಲವು ಮಾನಿಟರ್ ಅಪೂರ್ಣ ಎಂದಿದ್ದರೆ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಮಾರುವವರು ಎರಡು ದಿನ ಓಡಿಸಿ ಮತ್ತೆ ಸ್ಕ್ಯಾನ್ ಮಾಡಿಸಲಿ.

ಬರೆಸಿಕೊಳ್ಳಬೇಕಾದದ್ದು

ಡೆಲಿವರಿ ನೋಟ್ ಎಲ್ಲರೂ ಬರೆಯುತ್ತಾರೆ, ದೋಷದ ಬಗ್ಗೆ ಅದರಲ್ಲಿ ಒಂದು ಸಾಲೂ ಇರುವುದಿಲ್ಲ. ಇ-ಸ್ಟಾಂಪ್ ಕಾಗದದಲ್ಲಿ ಈ ಮಾತುಗಳು ಬರಲಿ:

"ಈ ಕಾರಿನ ಓಡೋಮೀಟರ್ ಈ ದಿನ ____ ಕಿ.ಮೀ. ತೋರಿಸುತ್ತಿದ್ದು, ನನಗೆ ತಿಳಿದ ಮಟ್ಟಿಗೆ ಇದು ನಿಜವಾದ ಓಟ. ಕಾರು ನೀರಿನಲ್ಲಿ ಮುಳುಗಿಲ್ಲ, ಟೋಟಲ್ ಲಾಸ್ ಎಂದು ಇತ್ಯರ್ಥವಾಗಿಲ್ಲ, ಟ್ಯಾಕ್ಸಿಯಾಗಿ ಬಳಕೆಯಾಗಿಲ್ಲ. ಚಾಸಿಸ್ ಮತ್ತು ಪಿಲ್ಲರ್‌ಗಳಿಗೆ ರಿಪೇರಿ ಆಗಿಲ್ಲ. ಆಗಿರುವ ಅಪಘಾತ ಮತ್ತು ರಿಪೇರಿಗಳು: ____. ನನಗೆ ಗೊತ್ತಿರುವ ಈಗಿನ ದೋಷಗಳು: ____. ಸಾಲ, ದಂಡ, ತೆರಿಗೆ ಬಾಕಿ ಇಲ್ಲ. ಈ ಹೇಳಿಕೆಗಳನ್ನು ನಂಬಿಯೇ ಖರೀದಿದಾರರು ರೂ. ____ ಕೊಟ್ಟಿದ್ದಾರೆ. ದಿನಾಂಕ ____, ಗಂಟೆ ____ಕ್ಕೆ ಕಾರನ್ನು ವಶಕ್ಕೆ ಕೊಟ್ಟಿರುತ್ತೇನೆ."

ಖಾಲಿ ಜಾಗಗಳನ್ನು ಖಾಲಿ ಬಿಡಬೇಡಿ. ದೋಷ ಏನೂ ಇಲ್ಲ ಎಂದರೆ "ಇಲ್ಲ" ಎಂದು ಅವರ ಕೈಯಲ್ಲೇ ಬರೆಸಿ. "ನನಗೆ ತಿಳಿದ ಮಟ್ಟಿಗೆ" ಎಂಬ ಮಾತು ಇದ್ದರೆ ಪ್ರಾಮಾಣಿಕ ಮಾಲೀಕರು ಹೆದರದೆ ಸಹಿ ಹಾಕುತ್ತಾರೆ. ಹಾಗಿದ್ದೂ ಹಿಂಜರಿದರೆ ಯಾವ ಸಾಲಿಗೆ ಹಿಂಜರಿದರು ಎಂಬುದನ್ನು ಗಮನಿಸಿ. ನೋಟಿನಲ್ಲಿ "ಎಲ್ಲ ನೋಡಿ ಒಪ್ಪಿ ಇದ್ದ ಸ್ಥಿತಿಯಲ್ಲೇ ಕೊಂಡಿದ್ದೇನೆ" ಎಂಬ ಸಾಲು ಇದ್ದರೆ ಹೊಡೆದು ಹಾಕಿಸಿ. 1930ರ ಸರಕು ಮಾರಾಟ ಕಾಯ್ದೆಯಲ್ಲಿ, ನೋಡಿ ಕೊಂಡ ವಸ್ತುವಿನಲ್ಲಿ ನೋಟಕ್ಕೆ ಸಿಗಬೇಕಿದ್ದ ದೋಷಕ್ಕೆ ಮಾರಾಟಗಾರ ಹೊಣೆಯಲ್ಲ ಎಂಬ ನಿಯಮವಿದೆ, ಆ ಸಾಲು ಅದಕ್ಕೆ ಬಲ ಕೊಡುತ್ತದೆ. ಹಣ ಬ್ಯಾಂಕ್ ಮೂಲಕವೇ ಹೋಗಲಿ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೇ ತಡೆ ಇದೆ.

ಹೆಸರು ಬದಲಾವಣೆ ತಡ ಮಾಡಬೇಡಿ. ಮಾರಿದವರು ರಾಜ್ಯದೊಳಗಾದರೆ 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ಇನ್ಶೂರೆನ್ಸ್ ಕಂಪನಿಗೆ 14 ದಿನದೊಳಗೆ ಅರ್ಜಿ ಹಾಕಬೇಕು, ಇಲ್ಲದಿದ್ದರೆ ನಿಮ್ಮ ಸ್ವಂತ ಕಾರಿನ ಹಾನಿಗೆ ಕ್ಲೇಮ್ ಸಿಗದೆ ಹೋಗಬಹುದು. ಆರ್‌ಸಿಯಲ್ಲಿ ಹೆಸರು ಇರುವವರೇ ಅಪಘಾತಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿರುವುದರಿಂದ ಮಾರುವವರಿಗೂ ಇದು ಅಷ್ಟೇ ತುರ್ತು.

ದೋಷ ಕಂಡ ಮೇಲೆ

ಮೊದಲು ರಿಪೇರಿ ಮಾಡಿಸಬೇಡಿ. ದೋಷ ಕೊಳ್ಳುವಾಗಲೇ ಇತ್ತು ಎಂದು ತೋರಿಸುವ ಹೊಣೆ ನಿಮ್ಮದು, ರಿಪೇರಿಯಾದರೆ ಸಾಕ್ಷಿ ಹೋಗುತ್ತದೆ. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಪರೀಕ್ಷೆ ಮಾಡಿಸಿ, ದೋಷ ಏನು, ಎಷ್ಟು ಹಳೆಯದು, ಖರ್ಚು ಎಷ್ಟು ಎಂದು ಬರಹದಲ್ಲಿ ಪಡೆಯಿರಿ. ಕೆಲಸಕ್ಕೆ ಕಾರು ಬೇಕೇಬೇಕು ಎಂದಾದರೆ ಮೊದಲು ಮಾರಿದವರಿಗೆ ಬಂದು ನೋಡಲು ದಿನ ಕೊಟ್ಟು ಬರೆಯಿರಿ, ಫೋಟೋ ವಿಡಿಯೋ ತೆಗೆಯಿರಿ, ಬಿಚ್ಚಿದ ಭಾಗಗಳನ್ನು ಇಟ್ಟುಕೊಳ್ಳಿ. ನಂತರ 15 ದಿನದ ಗಡುವಿನ ನೋಟಿಸನ್ನು ಸ್ವೀಕೃತಿ ಸಿಗುವ ಅಂಚೆಯಲ್ಲಿ ಕಳಿಸಿ. ವಾಟ್ಸಾಪ್ ಚಾಟ್ ಅಳಿಸಬೇಡಿ, ಫೋನ್ ಬದಲಿಸಬೇಕಾದರೂ ಹಳೆಯದನ್ನು ಇಟ್ಟುಕೊಳ್ಳಿ.

ಮಾರಿದವರು ಡೀಲರ್, ಬ್ರೋಕರ್ ಅಥವಾ ಕಂಪನಿಯಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಎಷ್ಟೋ ಕಂಪನಿಗಳು ಈ ಹಂತದಲ್ಲೇ ಮಾತಿಗೆ ಬರುತ್ತವೆ. ಬರದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಿ, ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಆಯೋಗವಿದೆ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೂ ಸಲ್ಲಿಸಬಹುದು. ನೀವು ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ವಕೀಲರು ಕಡ್ಡಾಯವಲ್ಲ. ಹಳೆ ಮಾಲೀಕರು ಮತ್ತು ಡೀಲರ್ ಇಬ್ಬರ ಹೆಸರೂ ಕಾಗದದಲ್ಲಿ ಬಂದಿದ್ದರೆ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿ, ಇಲ್ಲವಾದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಸ್ವಂತ ಜೀವನೋಪಾಯಕ್ಕೆ ತಾವೇ ಓಡಿಸಲು ಟ್ಯಾಕ್ಸಿ ಕೊಂಡವರೂ ಗ್ರಾಹಕರೇ. ಮರುಮಾರಾಟಕ್ಕೆ ಕೊಂಡವರು ಅಲ್ಲ.

ನೇರ ಮಾಲೀಕರಾದರೆ ಸಿವಿಲ್ ದಾವೆ. ವಂಚನೆ ಗೊತ್ತಾದ ದಿನದಿಂದ 3 ವರ್ಷದೊಳಗೆ ಹಾಕಬೇಕು. ಮೀಟರ್ ತಿರುಗಿಸಿದ್ದು, ಸುಳ್ಳು ಕಾಗದ ಕೊಟ್ಟಿದ್ದು ಸ್ಪಷ್ಟವಿದ್ದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅಡಿ ಪೊಲೀಸ್ ದೂರಿಗೂ ಅವಕಾಶವಿದೆ. ಗ್ರಾಹಕರ ಆಯೋಗಕ್ಕೆ ಗಡುವು 2 ವರ್ಷ. "ಮಾಡಿಕೊಡ್ತೀವಿ, ಮುಂದಿನ ವಾರ ಬನ್ನಿ" ಎಂದು ಓಡಾಡಿಸಿದ ದಿನಗಳೂ ಆ ಎರಡು ವರ್ಷದೊಳಗೇ ಕರಗುತ್ತವೆ, ಹಾಗಾಗಿ ನೋಟಿಸಿನ ಗಡುವು ಮುಗಿದ ವಾರವೇ ದೂರು ಸಲ್ಲಿಸಿ.